ಕತ್ತಿ ಇಡುವ ಮೊದಲು ಬೇಣಕ್ಕೊಂದು ಸುತ್ತು

ಗುಡ್ಡದಲ್ಲಿ ಮೇಯುವ ದನ ವಿಷದ ಗಿಡವನ್ನು ಬಿಟ್ಟು ಮೇಯುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿದ ದನಕ್ಕೆ ನಾವು ಹಾಕಿದ್ದೇ ಗತಿ. ಮಲೆನಾಡಿನ ಹುಲ್ಲಿನ ಕಾಲಕ್ಕೊಂದು ಮುನ್ನೆಚ್ಚರಿಕೆ.

ದೀಪಾವಳಿ ಕಳೆದು ಮಳೆ ಹಿಂದೆ ಸರಿಯಿತೆಂದರೆ ಮಲೆನಾಡಿನಲ್ಲಿ ಹುಲ್ಲಿನ ಕಾಲ ಶುರು. ಕೊಪ್ಪ ತಾಲ್ಲೂಕಿನ ನಾರ್ವೆಯ ಸುತ್ತಮುತ್ತ, ಅತ್ತ ಶೃಂಗೇರಿ, ಇತ್ತ ನರಸಿಂಹರಾಜಪುರದವರೆಗೆ, ಅಡಿಕೆ ತೋಟಗಳ ಮೇಲಿನ ಬೇಣಗಳಲ್ಲಿ ಮಳೆಗಾಲವಿಡೀ ಬೆಳೆದ ಹುಲ್ಲು ಹಸಿರು ಬಿಟ್ಟು ಹಳದಿಗೆ ತಿರುಗುತ್ತದೆ. ಅದೇ ಕರಡ. ಹಿಂದೆ ಮನೆಗೂ ಕೊಟ್ಟಿಗೆಗೂ ಹೊದಿಸಲು ಅದೇ ಬೇಕಿತ್ತು. ಈಗ ಅಡಿಕೆ ಬುಡಕ್ಕೆ ಮುಚ್ಚಲು, ಬೇಸಿಗೆಯಲ್ಲಿ ದನಕ್ಕೆ ಹಾಕಲು ಬೇಕು. ಕರಡ ಕೊಯ್ದ ಬೆನ್ನಿಗೇ ಗದ್ದೆ ಕೊಯ್ಲು, ಒಕ್ಕಲು, ಹುಲ್ಲಿನ ಗೊಣಬೆ. ಮುಂದಿನ ಮುಂಗಾರು ಹನಿಯುವವರೆಗೆ ದನಗಳ ಹೊಟ್ಟೆ ತುಂಬಬೇಕಾದದ್ದು ಈ ಒಂದೆರಡು ತಿಂಗಳಲ್ಲಿ ಕೂಡಿಟ್ಟ ಹುಲ್ಲಿನಿಂದಲೇ.

ಹುಲ್ಲಿನ ಹೊರೆಯಲ್ಲಿ ಹುಲ್ಲಷ್ಟೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಬೇಣದ ಅಂಚಿನ ಚದುರಂಗಿ ಸೊಪ್ಪು, ಕಮ್ಯುನಿಸ್ಟ್ ಗಿಡದ ಕುಡಿ, ಜರಿಗಿಡದ ಗರಿ, ಹುಲ್ಲಿಗೇ ಸುತ್ತಿಕೊಂಡ ಗೌರಿ ಹೂವಿನ ಬಳ್ಳಿ ಕೂಡ ಹೊರೆಯ ಜೊತೆ ಕೊಟ್ಟಿಗೆಗೆ ಬಂದುಬಿಡುತ್ತವೆ. ಹಸಿಯಾಗಿದ್ದಾಗ ಮೂಸಿ ಬಿಟ್ಟ ಗಿಡವನ್ನೇ, ಒಣಗಿದ ಮೇಲೆ ಅದೇ ದನ ಹುಲ್ಲಿನ ಜೊತೆ ಅಗಿದು ನುಂಗುತ್ತದೆ. ಹುಲ್ಲು ಬಿದ್ದ ಮೇಲೆ ಆರಿಸುತ್ತೇನೆ ಎಂದರೆ ಆಗುವ ಕೆಲಸವಲ್ಲ. ನಿಂತ ಹುಲ್ಲಿನಲ್ಲಿ ಬೇರೆ ಗಿಡ ಎದ್ದು ಕಾಣುತ್ತದೆ. ಕೊಯ್ದು ಒಣಗಿಸಿದ ಹುಲ್ಲಿನಲ್ಲಿ ಎಲ್ಲದಕ್ಕೂ ಒಂದೇ ಬಣ್ಣ. ಆದ್ದರಿಂದ ಕತ್ತಿ ಇಡುವ ಮೊದಲೇ ಬೇಣಕ್ಕೊಂದು ಸುತ್ತು ಹೋಗಿ ಬೇಡದ್ದನ್ನು ಕಿತ್ತು ಆಚೆ ಹಾಕಬೇಕು. ಹಿಂದೆ ಇದಕ್ಕೆ ಬೇರೆ ಕೂಲಿ, ಬೇರೆ ದಿನ ಬೇಕಿರಲಿಲ್ಲ. ಕೊಯ್ಯುವ ಕೆಲಸದಲ್ಲೇ ಅದು ಸೇರಿತ್ತು. ಈಗ ಅದಕ್ಕಾಗಿಯೇ ಒಂದು ದಿನ ತೆಗೆದಿಡಬೇಕಾಗಿದೆ. ಯಾಕೆ ಎನ್ನುವುದೇ ಈ ಲೇಖನ.

ಮೇಯುವ ದನ, ಕಟ್ಟಿದ ದನ

ಮಲೆನಾಡು ಗಿಡ್ಡ ತಳಿಯ ಹಸುವನ್ನು ಗುಡ್ಡಕ್ಕೆ ಅಟ್ಟಿ ಸ್ವಲ್ಪ ಹೊತ್ತು ಗಮನಿಸಿ. ಚದುರಂಗಿ ಪೊದೆಯ ಬುಡದವರೆಗೂ ಹುಲ್ಲನ್ನು ನಾಲಗೆಯಲ್ಲಿ ಸುತ್ತಿ ಎಳೆದು ತಿನ್ನುತ್ತದೆ. ಪೊದೆಯ ಒಂದೆಲೆಯನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಗಿಡದ ವಾಸನೆ, ಕಹಿ, ಎಂದೋ ತಿಂದು ಹೊಟ್ಟೆ ಕೆಟ್ಟ ನೆನಪು, ತಾಯಿಯ ಹಿಂದೆ ಮೇಯುತ್ತಾ ಕಲಿತದ್ದು ಎಲ್ಲ ಸೇರಿ ಅದಕ್ಕೆ ಈ ವಿವೇಕ ಬಂದಿರುತ್ತದೆ.

ಈ ವಿವೇಕ ಕೈಕೊಡುವ ಸಂದರ್ಭಗಳು ಮೂರು. ಮೊದಲನೆಯದು ಹಸಿವು. ಬೇಸಿಗೆಯ ಕೊನೆಯಲ್ಲಿ, ಇಲ್ಲವೇ ದೂರದಿಂದ ಲಾರಿಯಲ್ಲಿ ತಂದಿಳಿಸಿದ ದಿನ, ಹೊಟ್ಟೆಗಿಲ್ಲದ ದನ ಮೊದಲು ಸಿಕ್ಕ ಹಸಿರಿಗೆ ಬಾಯಿ ಹಾಕುತ್ತದೆ. ಎರಡನೆಯದು ಅಪರಿಚಿತ ನೆಲ. ಚದುರಂಗಿಯೇ ಇಲ್ಲದ ಕಡೆ ಬೆಳೆದ ಜರ್ಸಿ, ಎಚ್‌ಎಫ್ ಹಸುಗಳಿಗೆ ಅದರ ಪಾಠ ಆಗಿರುವುದಿಲ್ಲ. ಚದುರಂಗಿ ವಿಷಕ್ಕೆ ಸಿಕ್ಕುವ ದನಗಳಲ್ಲಿ ಹೊಸದಾಗಿ ಊರಿಗೆ ಬಂದವೇ ಹೆಚ್ಚು ಎಂಬುದು ಜಗತ್ತಿನಾದ್ಯಂತ ಪಶುವೈದ್ಯರು ಕಂಡುಕೊಂಡಿರುವ ಸಂಗತಿ. ಮೂರನೆಯದೇ ಗೋದಲಿ. ಅಲ್ಲಿ ದನಕ್ಕೆ ಆಯ್ಕೆ ಇಲ್ಲ. ಉದ್ದದ ಹುಲ್ಲಾದರೆ ಒಂದಿಷ್ಟನ್ನು ಮೂತಿಯಲ್ಲಿ ತಳ್ಳಿ ಬಿಟ್ಟೀತು. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಚೂರು ಮಾಡಿ, ಮೇಲೆ ಹಿಂಡಿ, ಬೂಸಾ, ಉಪ್ಪು ಕಲಸಿಟ್ಟರೆ ಆ ಅವಕಾಶವೂ ಹೋಯಿತು.

ಇದರ ಜೊತೆಗೆ ಕೊಯ್ಲಿನ ರೀತಿಯೇ ಬದಲಾಗಿದೆ. ಕೈಗತ್ತಿಯಲ್ಲಿ ಹುಲ್ಲು ಕೊಯ್ಯುವ ಹೆಂಗಸರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಬಲಗೈ ಕೊಯ್ಯುತ್ತದೆ, ಆದರೆ ಆರಿಸುವುದು ಎಡಗೈ. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದ ಕೂಡಲೇ ಒರಟು ಚೌಕ ಕಾಂಡವೋ ಮುಳ್ಳೋ ಅಂಟಂಟು ಎಲೆಯೋ ಸಿಕ್ಕಿದರೆ ಬೆರಳು ತಾನಾಗಿ ಸಡಿಲಗೊಂಡು ಅದನ್ನು ಬಿಟ್ಟು ಮತ್ತೆ ಹಿಡಿಯುತ್ತದೆ. ಮಾತಾಡುತ್ತಾ ಕೊಯ್ಯುತ್ತಿದ್ದರೂ ಆ ಜರಡಿ ನಿಲ್ಲುವುದಿಲ್ಲ. ಈಗ ಬೇಣಕ್ಕಿಳಿಯುವುದು ಗಂಟೆ ಲೆಕ್ಕದ ಬಾಡಿಗೆಗೆ ಬರುವ ಬ್ರಷ್ ಕಟರ್. ಕೂಲಿಗೆ ಜನ ಸಿಗದ ಊರಿನಲ್ಲಿ ಅದನ್ನು ದೂರುವಂತಿಲ್ಲ. ಯಂತ್ರವಿಲ್ಲದಿದ್ದರೆ ಎಷ್ಟೋ ಬೇಣಗಳ ಹುಲ್ಲು ಕೊಯ್ಲೇ ಆಗುತ್ತಿರಲಿಲ್ಲ. ಆದರೆ ಅದರ ನೈಲಾನ್ ದಾರ ಹುಲ್ಲು, ಬಳ್ಳಿ, ಪೊದೆ ಎಂದು ನೋಡುವುದಿಲ್ಲ. ಎಲ್ಲವನ್ನೂ ಚಚ್ಚಿ ಒಂದೇ ರಾಶಿ ಮಾಡುತ್ತದೆ. ಚೂರಾದ ಚದುರಂಗಿ ಎಲೆ ಹುಲ್ಲಿಗೆ ಅಂಟಿ ಒಣಗಿದ ಮೇಲೆ ಅದನ್ನು ಬೇರ್ಪಡಿಸಲು ಯಾರಿಂದಲೂ ಆಗದು.

ಬಿಳಿ ಚರ್ಮವನ್ನೇ ಸುಡುವ ಚದುರಂಗಿ

ಮಲೆನಾಡಿನ ದನಗಳ ಮಟ್ಟಿಗೆ ಮೊದಲ ಶತ್ರು ಚದುರಂಗಿ, ಅಂದರೆ ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ಅದು ಬೇಲಿಗೆ ಬಂತು, ಬೇಲಿಯಿಂದ ಕಾಡಿಗೆ. ಕಪ್ಪು ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಊರೂರಿಗೆ ಹಂಚಿದವು. ನೂರು ವರ್ಷ ಕಳೆಯುವಷ್ಟರಲ್ಲಿ ಅದು ಎಷ್ಟು ದೊಡ್ಡ ಕಾಟವಾಯಿತೆಂದರೆ, ಕೀಟಶಾಸ್ತ್ರಜ್ಞ ವೈ. ರಾಮಚಂದ್ರ ರಾವ್ 1916ರಿಂದ ಕೆಲ ವರ್ಷ ಭಾರತ, ಬರ್ಮಾಗಳಲ್ಲಿ ಚದುರಂಗಿಯನ್ನು ತಿನ್ನುವ ಹುಳುಗಳನ್ನು ಹುಡುಕುತ್ತಾ ಸುತ್ತಬೇಕಾಯಿತು. ಅದನ್ನು ಮಣಿಸುವ ಹುಳು ಇವತ್ತಿಗೂ ಸಿಕ್ಕಿಲ್ಲ.

ಚದುರಂಗಿ ಎಲೆಯಲ್ಲಿ ಲ್ಯಾಂಟಡೀನ್ ಎಂಬ ವಿಷವಿದೆ. ದೇಹದ ತೂಕದ ನೂರಕ್ಕೆ ಒಂದು ಪಾಲಿನಷ್ಟು ಹಸಿ ಸೊಪ್ಪು ಹೊಟ್ಟೆಗೆ ಹೋದರೂ ಅಪಾಯ. ಮುನ್ನೂರು ಕಿಲೋ ತೂಗುವ ಹಸುವಿಗೆ ಮೂರು ಕಿಲೋ. ಒಣಗಿದರೆ ನೀರು ಹೋಗುತ್ತದೆ, ವಿಷ ಹೋಗುವುದಿಲ್ಲ. ಅದೇ ವಿಷ ಇನ್ನೂ ಹಗುರವಾದ ತರಗಿನಲ್ಲಿ ಉಳಿದಿರುತ್ತದೆ.

ಈ ವಿಷ ಕೆಲಸ ಮಾಡುವ ಕ್ರಮ ವಿಚಿತ್ರ. ಅದು ಮೊದಲು ಹೊಡೆಯುವುದು ಪಿತ್ತಜನಕಾಂಗಕ್ಕೆ. ಪಿತ್ತರಸ ಹರಿಯುವುದು ನಿಲ್ಲುತ್ತದೆ. ದನ ತಿಂದ ಹಸಿರೆಲೆಯ ಹರಿತ್ತು ಹೊಟ್ಟೆಯಲ್ಲಿ ಒಡೆದು ಫಿಲೋಎರಿತ್ರಿನ್ ಎಂಬ ವಸ್ತುವಾಗುತ್ತದೆ. ಎಂದಿನಂತೆ ಅದು ಪಿತ್ತರಸದ ಜೊತೆ ಹೊರಹೋಗಬೇಕು. ದಾರಿ ಮುಚ್ಚಿದ್ದರಿಂದ ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತದೆ. ಬಿಸಿಲು ಬಿದ್ದ ಕಡೆ ಚರ್ಮ ಬೇಯುತ್ತದೆ. ಕಪ್ಪು ಬಿಳುಪಿನ ಎಚ್‌ಎಫ್ ಹಸುವಾದರೆ ಇದು ಕಣ್ಣಿಗೆ ರಾಚುತ್ತದೆ: ಕಪ್ಪು ಭಾಗ ಹಾಗೇ ಇರುತ್ತದೆ, ಬಿಳಿ ಭಾಗದ ಚರ್ಮ ಕೆಂಪಾಗಿ, ಬಿರಿದು, ಹಲಗೆ ಕಟ್ಟಿ ಸುಲಿಯುತ್ತದೆ. ಮೂತಿ, ಕಿವಿಯ ತುದಿ, ಕೆಚ್ಚಲು ಮೊದಲು ಕೆಡುತ್ತವೆ. ಕಣ್ಣಿನ ಬಿಳಿ ಹಳದಿಯಾಗುತ್ತದೆ. ದನ ಮೆಲುಕು ಹಾಕುವುದನ್ನು ಬಿಟ್ಟು ನೆರಳು ಹುಡುಕಿಕೊಂಡು ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಚದುರಂಗಿ ತಿಂದ ದನದ ಹೊಟ್ಟೆಯ ಚಲನೆಯೇ ನಿಂತುಹೋಗುತ್ತದೆ. ತಿಂದ ಸೊಪ್ಪು ಅಲ್ಲೇ ಕೂತು ದಿನಗಟ್ಟಲೆ ವಿಷ ಬಿಡುತ್ತಲೇ ಇರುತ್ತದೆ. ಒಂದು ಹೊತ್ತು ತಿಂದದ್ದು ವಾರದ ಮೇಲೂ ಕಾಡುವುದು ಇದೇ ಕಾರಣಕ್ಕೆ.

ನಮ್ಮ ನಾರ್ವೆಯ ಹೆಸರನ್ನೇ ಹೊತ್ತ ಯುರೋಪಿನ ನಾರ್ವೆಯಲ್ಲೂ ಇದೇ ರೋಗವಿದೆ. ಅಲ್ಲಿನ ಪಶ್ಚಿಮ ಕರಾವಳಿಯ ಜವುಗು ನೆಲದಲ್ಲಿ ಬೆಳೆಯುವ ಹಳದಿ ಹೂವಿನ ಒಂದು ಗಿಡವನ್ನು ತಿಂದ ಕುರಿಮರಿಗಳಿಗೆ ಪಿತ್ತಜನಕಾಂಗ ಕೆಟ್ಟು, ಬಿಸಿಲಿಗೆ ಮುಖ ಕಿವಿಗಳು ಊದಿ ಸುಲಿಯುತ್ತವೆ. ಅಲ್ಲಿನ ಜನ ಅದನ್ನು ಆಲ್ವೆಲ್ಡ್ ಎನ್ನುತ್ತಾರೆ. ಹಿಂದೆ ಯಕ್ಷಿಣಿಗಳ ಬೆಂಕಿ ತಗುಲಿ ಹೀಗಾಗುತ್ತದೆ ಎಂದು ನಂಬಿದ್ದರು. ಗಿಡ ಬೇರೆ, ಪ್ರಾಣಿ ಬೇರೆ, ಹವೆಯಂತೂ ಪೂರ್ತಿ ಬೇರೆ. ಮೊದಲ ಉಪಚಾರ ಮಾತ್ರ ಎರಡೂ ಕಡೆ ಒಂದೇ: ಕತ್ತಲೆಯ ಕೊಟ್ಟಿಗೆಗೆ ಕಟ್ಟುವುದು.

ಬೇಣದಲ್ಲಿ ಕಣ್ಣಿಡಬೇಕಾದ ಗಿಡಗಳು

ಚದುರಂಗಿ ಪೊದೆ ದೂರಕ್ಕೇ ಕಾಣುತ್ತದೆ. ಹುಲ್ಲಿನೊಳಗೇ ಸೇರಿಕೊಂಡ ಗಿಡಗಳನ್ನು ಹುಡುಕಿ ನೋಡಬೇಕು.

ಗೌರಿ ಹೂವನ್ನೇ ತೆಗೆದುಕೊಳ್ಳಿ. ಗೌರಿ ಹಬ್ಬದ ಹೊತ್ತಿಗೆ ಬೇಲಿ, ಬೇಣಗಳಲ್ಲಿ ಕೆಂಪು ಹಳದಿ ಎಸಳು ಮೇಲಕ್ಕೆತ್ತಿ ಅರಳುವ, ಪೂಜೆಗೂ ಸಲ್ಲುವ ಈ ಬಳ್ಳಿಗೆ ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ ಎಂದೂ ಹೆಸರು. ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಹುಲ್ಲಿನ ಕಡ್ಡಿಗೆ ಸುತ್ತಿ ಏರುವುದು ಇದರ ಗುಣ. ಹುಲ್ಲು ಕೊಯ್ದರೆ ಬಳ್ಳಿಯೂ ಜೊತೆಗೆ ಬಂದೇ ಬರುತ್ತದೆ. ಗಡ್ಡೆಯಿಂದ ಬೀಜದವರೆಗೆ ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ಕಡುವಿಷವಿದೆ. ವಾತಕ್ಕೆ ಔಷಧಿಯಾಗುವ ಇದೇ ವಸ್ತುವಿಗಾಗಿ ತಮಿಳುನಾಡಿನಲ್ಲಿ ಇದನ್ನು ಬೆಳೆಯಾಗಿಯೇ ಬೆಳೆಯುತ್ತಾರೆ. ಆ ರಾಜ್ಯದ ಹೂವೂ ಇದೇ. ಇದು ನಮ್ಮದೇ ನೆಲದ ಗಿಡ. ನಿರ್ನಾಮ ಮಾಡಬೇಕಾಗಿಲ್ಲ, ದನ ಬಾಯಿ ಹಾಕದ ಬೇಲಿ ಮೂಲೆಯಲ್ಲಿ ಇರಲಿ, ಹುಲ್ಲು ಕೊಯ್ಯುವ ಜಾಗದಲ್ಲಿ ಬೇಡ.

ಒಣಗಿದ ಕಾಯಿ ಅಲ್ಲಾಡಿಸಿದರೆ ಸದ್ದು ಮಾಡುವ ಗಿಜಿಗಿಜಿ ಗಿಡಗಳದ್ದು ಇನ್ನೊಂದು ಗುಂಪು. ಗದ್ದೆಗೆ ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಪಸೆಣಬೂ ಇದೇ ಕುಲದ್ದು, ಆದರೆ ಅದರಲ್ಲಿ ವಿಷ ಕಡಿಮೆ. ಕಾಡು ಜಾತಿಗಳ ಬೀಜದಲ್ಲಿರುವ ಪೈರೋಲಿಝಿಡಿನ್ ಎಂಬ ಸಸ್ಯಕ್ಷಾರ ಪಿತ್ತಜನಕಾಂಗವನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಹಾಳು ಮಾಡುತ್ತದೆ. ತೋಟ, ಗದ್ದೆಯ ಅಂಚಿನಲ್ಲಿ ಎಲ್ಲೆಂದರಲ್ಲಿ ಏಳುವ, ನೀಲಿ ಬಿಳಿ ಹೂಗೊಂಚಲಿನ ನಾಯಿತುಳಸಿಯಲ್ಲೂ ಈ ಜಾತಿಯ ಸಸ್ಯಕ್ಷಾರವಿದೆ. ಇದರ ಅಪಾಯ ದನಕ್ಕೆ ಮಾತ್ರ ಎಂದುಕೊಳ್ಳಬೇಡಿ. 1970ರ ದಶಕದ ನಡುವಿನಲ್ಲಿ, ಆಗ ಮಧ್ಯಪ್ರದೇಶದಲ್ಲಿದ್ದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಸಾಮೆಯ ಜೊತೆ ಗಿಜಿಗಿಜಿ ಕುಲದ ಕಳೆಯ ಬೀಜ ಬೆರೆತು, ಅದನ್ನು ಉಂಡ 67 ಮಂದಿ ಹೊಟ್ಟೆಯಲ್ಲಿ ನೀರು ತುಂಬಿ ಮಲಗಿದರು. ಅವರಲ್ಲಿ 28 ಮಂದಿ ಉಳಿಯಲಿಲ್ಲ. ಕೊಯ್ಲಿಗೆ ಮೊದಲು ಹೊಲದ ಕಳೆ ಕೀಳದಿದ್ದರೆ ಅದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಇನ್ನು ಜರಿಗಿಡ. ಜರಿಗಳಲ್ಲಿ ಎಲ್ಲವೂ ಕೆಟ್ಟವಲ್ಲ. ಗುಡ್ಡದ ತೆರೆದ ಜಾಗದಲ್ಲಿ ಹಿಂಡುಹಿಂಡಾಗಿ ಬೆಳೆಯುವ, ಸೊಂಟದೆತ್ತರದ ಬ್ರಾಕೆನ್ ಜಾತಿಯದ್ದು ಕೆಟ್ಟದ್ದು. ಅದರಲ್ಲಿರುವ ಟಾಕ್ವಿಲೋಸೈಡ್ ಎಂಬ ವಿಷವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1983ರಲ್ಲಿ. ಸ್ವಲ್ಪಸ್ವಲ್ಪವೇ ವರ್ಷಗಟ್ಟಲೆ ತಿಂದ ದನದ ಮೂತ್ರಕೋಶದಲ್ಲಿ ಗಂಟು ಬೆಳೆದು, ಮೂತ್ರದಲ್ಲಿ ರಕ್ತ ಹೋಗತೊಡಗುತ್ತದೆ. ಉಣ್ಣೆಯಿಂದ ಬರುವ ಜ್ವರದಲ್ಲೂ ಮೂತ್ರ ಕೆಂಪಾಗುವುದರಿಂದ ಎರಡನ್ನೂ ಒಂದೇ ಎಂದುಕೊಂಡು ತಡಮಾಡುವುದುಂಟು. ಈ ವಿಷ ಹಾಲಿನಲ್ಲೂ ಇಳಿಯುತ್ತದೆ.

ಕಮ್ಯುನಿಸ್ಟ್ ಗಿಡವೂ ಅಮೆರಿಕದಿಂದ ಕಲ್ಕತ್ತೆಯ ದಾರಿಯಲ್ಲೇ 19ನೇ ಶತಮಾನದಲ್ಲಿ ಬಂದದ್ದು. ಇದನ್ನು ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಎಳೆಯ ಕುಡಿಯಲ್ಲಿ ನೈಟ್ರೇಟ್ ಬಹಳ. ಅದು ಹೊಟ್ಟೆಯಲ್ಲಿ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತದೆ. ದನ ಏದುಸಿರು ಬಿಡುತ್ತಾ ಕುಸಿಯುತ್ತದೆ. ಕೊಟ್ಟಿಗೆಗೆ ಸೊಪ್ಪು ಹಾಕುವವರು ಗೊಬ್ಬರಕ್ಕೆ ಒಳ್ಳೆಯದೆಂದು ಇದನ್ನೂ ಚದುರಂಗಿಯನ್ನೂ ದನದ ಕಾಲಡಿಗೆ ಹಾಸುವುದುಂಟು. ಹಸಿದ ದನ ರಾತ್ರಿ ಹಾಸಿಗೆಯ ಸೊಪ್ಪನ್ನೂ ತಿನ್ನುತ್ತದೆ ಎಂಬುದನ್ನು ಮರೆಯಬಾರದು. ಗೊಬ್ಬರಕ್ಕೇ ಬೇಕಾದರೆ ನೇರವಾಗಿ ಗುಂಡಿಗೆ ಹಾಕಿ.

ಒಣಗಿದರೆ ವಿಷ ಹೋಗುತ್ತದೆಯೇ?

ಹಳ್ಳಿಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು, ಬಿಸಿಲಿಗೆ ಒಣಗಿದರೆ ಏನೂ ಆಗುವುದಿಲ್ಲ ಅನ್ನುವುದು. ಇದರಲ್ಲಿ ಅರ್ಧ ನಿಜವಿದೆ. ಎಳೆಯ ಜೋಳದ ದಂಟು, ಮರಗೆಣಸಿನ ಎಲೆ, ರಬ್ಬರ್ ಎಲೆಗಳಲ್ಲಿರುವುದು ಸಯನೈಡ್ ಆಗುವ ವಿಷ. ಕತ್ತರಿಸಿ ಚೆನ್ನಾಗಿ ಒಣಗಿಸಿದರೆ ಅದು ಬಹುಪಾಲು ಹಾರಿಹೋಗುತ್ತದೆ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಮರಗೆಣಸು ಬೆಳೆಯುತ್ತವೆ, ಅದರ ಹಸಿ ಎಲೆ ದನಕ್ಕೆ ಆಗದೆಂಬುದನ್ನೂ ಬಲ್ಲವು.

ಚದುರಂಗಿ, ಗೌರಿ ಹೂವು, ಗಿಜಿಗಿಜಿ, ನಾಯಿತುಳಸಿ ಹಾಗಲ್ಲ. ಒಣಗಿದಾಗ ಅವುಗಳ ವಾಸನೆ, ಕಹಿ ಕಡಿಮೆಯಾಗುತ್ತದೆ, ವಿಷ ಉಳಿಯುತ್ತದೆ. ನೈಟ್ರೇಟ್ ಕೂಡ ಒಣಗಿಸಿದರೆ ಹೋಗುವುದಿಲ್ಲ. ಎಚ್ಚರಿಸುವ ಗುಣ ಹೋಗಿ ಕೊಲ್ಲುವ ಗುಣ ಉಳಿಯುವುದರಿಂದಲೇ ಒಣಹುಲ್ಲಿನ ಕಳೆ ಹಸಿಹುಲ್ಲಿನ ಕಳೆಗಿಂತ ಅಪಾಯ. ಬ್ರಿಟನ್ನಿನ ಹುಲ್ಲುಗಾವಲುಗಳಲ್ಲಿ ರಾಗ್‌ವರ್ಟ್ ಎಂಬ ಹಳದಿ ಹೂವಿನ ಗಿಡದ್ದು ಇದೇ ಕಥೆ. ಹಸಿ ಗಿಡವನ್ನು ಕುದುರೆ ಮೂಸಿ ಬಿಡುತ್ತದೆ, ಒಣಹುಲ್ಲಿನಲ್ಲಿ ತಿಂದು ಸಾಯುತ್ತದೆ. ಅಲ್ಲಿ 1959ರಲ್ಲೇ ಕಳೆಗಳ ಕಾಯ್ದೆ ಬಂದು, 2003ರಲ್ಲಿ ಈ ಒಂದು ಗಿಡಕ್ಕೆಂದೇ ಇನ್ನೊಂದು ಕಾಯ್ದೆ ಮಾಡಿದರು. ಹುಲ್ಲು ಕೊಯ್ಯುವ ಮುನ್ನ ಗಿಡವನ್ನು ಬೇರು ಸಮೇತ ಕಿತ್ತು ಹೊರಗೆ ಸಾಗಿಸುವುದು ಅಲ್ಲಿನ ರೈತರ ವಾರ್ಷಿಕ ಕೆಲಸ.

ನಮ್ಮಲ್ಲೂ ಕಾಯ್ದೆಯ ಕೊರತೆ ಇಲ್ಲ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡವನ್ನು ಕರ್ನಾಟಕ ಸರ್ಕಾರ 1968ರ ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯ ಅಡಿ 1975ರಲ್ಲಿ ಪೀಡೆ ಎಂದು ಘೋಷಿಸಿತ್ತು. ಅದನ್ನು ತಿನ್ನುವ ಮೆಕ್ಸಿಕೋ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತರಿಸಿ ಮರುವರ್ಷ ಹೊಲಕ್ಕೆ ಬಿಟ್ಟದ್ದೂ ಆಯಿತು. ಜೀರುಂಡೆ ಮಳೆಗಾಲದಲ್ಲಿ ಒಂದಿಷ್ಟು ಗಿಡ ಬೋಳಿಸುತ್ತದೆ. ಕಾಯ್ದೆ ಪುಸ್ತಕದಲ್ಲಿದೆ. ಗಿಡ ಎಲ್ಲೆಡೆ ಇದೆ.

ಲಾರಿಯ ಹುಲ್ಲು, ಔಷಧಿ ಹೊಡೆದ ಹುಲ್ಲು

ಈ ಮೂರು ತಾಲ್ಲೂಕುಗಳಲ್ಲಿ ಗದ್ದೆಗಳು ಅಡಿಕೆ ತೋಟವಾದಷ್ಟೂ ಮನೆಯ ಗೊಣಬೆ ಚಿಕ್ಕದಾಗಿದೆ. ಬೇಕಾದ ಹುಲ್ಲು ಭದ್ರಾ ನಾಲೆಯ ಬಯಲಿನಿಂದ ಲಾರಿಯಲ್ಲಿ ಬರುತ್ತದೆ, ಹೆಚ್ಚಾಗಿ ಯಂತ್ರದಲ್ಲಿ ಸುತ್ತಿದ ಉರುಳೆಗಳಾಗಿ. ಅದರ ಜೊತೆ ಕಾಂಗ್ರೆಸ್ ಗಿಡದ ಬೀಜವೂ ಬರುತ್ತದೆ. ಮಳೆ ಜೋರಿರುವ ಮಲೆನಾಡಿನ ಒಳಭಾಗದಲ್ಲಿ ಅಷ್ಟಾಗಿ ಕಾಣದಿದ್ದ ಈ ಗಿಡ ಹುಲ್ಲು ಇಳಿಸಿದ ಅಂಗಳದ ಸುತ್ತ, ರಸ್ತೆ ಬದಿಯಲ್ಲಿ ಮೊಳೆಯುವುದು ಹೀಗೆ. ಇದನ್ನು ತಿಂದ ದನದ ಬಾಯಲ್ಲಿ ಹುಣ್ಣಾಗುತ್ತದೆ, ಹಾಲು ಕಹಿಯಾಗುತ್ತದೆ. ಉರುಳೆ ಬಿಚ್ಚಿದಾಗ ನಡುವಿನ ಹುಲ್ಲು ಕಪ್ಪಾಗಿದೆಯೇ, ಬೂಷ್ಟು ಹಿಡಿದಿದೆಯೇ ಎಂದು ನೋಡಿ. ಬೂಷ್ಟು ಹುಲ್ಲು ತಿಂದ ದನಗಳ ಬಾಲ, ಕಿವಿ, ಗೊರಸಿನ ಮೇಲ್ಭಾಗ ಕೊಳೆಯುವ ರೋಗಕ್ಕೆ ಪಂಜಾಬಿನ ಕಡೆ ಡೆಗ್ನಾಲ ಎನ್ನುತ್ತಾರೆ. ಹುಲ್ಲು ಒದ್ದೆಯಾಗಿದ್ದರೆ ಗಿಡದಷ್ಟೇ ಬೂಷ್ಟಿಗೂ ಹೆದರಬೇಕು.

ಕಳೆನಾಶಕ ಹೊಡೆದರೆ ಕೀಳುವ ಶ್ರಮ ತಪ್ಪುತ್ತದೆ ಎನ್ನುವವರಿಗೊಂದು ಮಾತು. ಔಷಧಿ ಬಿದ್ದು ಬಾಡುವ ಗಿಡದಲ್ಲಿ ಕೆಲವೊಮ್ಮೆ ನೈಟ್ರೇಟ್ ಏರುತ್ತದೆ. ಸಕ್ಕರೆಯ ಅಂಶ ಹೆಚ್ಚಿ ದನಕ್ಕೆ ರುಚಿಯಾಗುವುದೂ ಉಂಟು. ಅಂದರೆ ನಿನ್ನೆ ಬಿಟ್ಟ ಗಿಡವನ್ನು ಇವತ್ತು ದನ ತಾನಾಗಿ ತಿನ್ನಬಹುದು. ಹೊಡೆದ ಜಾಗಕ್ಕೆ ಗಿಡ ಪೂರ್ತಿ ಒಣಗಿ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ದನ ಬಿಡಬಾರದು, ಅಲ್ಲಿನ ಹುಲ್ಲು ಕೊಯ್ಯಲೂಬಾರದು. ಕೊಳೆ ರೋಗಕ್ಕೆಂದು ಮಳೆಗಾಲದಲ್ಲಿ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ದ್ರಾವಣದ ಹನಿ ಬಿದ್ದ ಹುಲ್ಲೂ ಹಾಗೆಯೇ. ಮೈಲುತುತ್ತದ ತಾಮ್ರ ಪಿತ್ತಜನಕಾಂಗದಲ್ಲಿ ಕೂಡಿಕೊಳ್ಳುತ್ತದೆ. ಕುರಿಗಳಿಗಂತೂ ಅದು ಬಹುಬೇಗ ಏರುವ ವಿಷ.

ಸುತ್ತು ಹೋಗುವುದು ಯಾವಾಗ, ಹೇಗೆ?

ಇದಕ್ಕೆ ಹೊಸ ಪಂಚಾಂಗ ಬೇಡ, ಮಲೆನಾಡಿನ ಹಬ್ಬಗಳೇ ಸಾಕು. ಗೌರಿ ಹಬ್ಬದಲ್ಲಿ ಗೌರಿ ಹೂವು ಅರಳಿ ತಾನೆಲ್ಲಿದ್ದೇನೆಂದು ತೋರಿಸಿಕೊಡುತ್ತದೆ. ಆಗ ಗುರುತು ಮಾಡಿಟ್ಟರೆ ಬಳ್ಳಿ ಒಣಗುವ ಮೊದಲು ಗಡ್ಡೆ ಸಮೇತ ಅಗೆದು ತೆಗೆಯಬಹುದು. ಮುಂದಿನದು ಭೂಮಿ ಹುಣ್ಣಿಮೆ. ಗರ್ಭಿಣಿ ಭೂಮಿತಾಯಿಗೆ ಬಯಕೆಯೂಟ ಬಡಿಸಲು ನಸುಕಿನಲ್ಲೇ ಬುಟ್ಟಿ ಹೊತ್ತು ಗದ್ದೆ, ತೋಟದ ಅಂಚು ಅಂಚಿಗೂ ಹೋಗುವ ದಿನ ಅದು. ಆ ಊಟದ ಹಚ್ಚಂಬಲಿಗೆ ಹೆಂಗಸರು ಬೆಟ್ಟ ಬೇಣ ಸುತ್ತಿ ಬಗೆಬಗೆಯ ಸೊಪ್ಪಿನ ಕುಡಿ ಆರಿಸಿ ತರುತ್ತಾರೆ. ಯಾವ ಕುಡಿ ತಿನ್ನಬಹುದು ಎಂದು ಬಲ್ಲವರಿಗೆ ಯಾವುದು ಆಗದು ಎಂದೂ ಗೊತ್ತಿರುತ್ತದೆ. ಶಾಲೆಗೆ ಹೋಗುವ ಮಗ, ಮಗಳನ್ನು ಆ ಸುತ್ತಿಗೆ ಜೊತೆಗೆ ಕರೆದೊಯ್ದರೆ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಅದಾದ ಎರಡು ವಾರಕ್ಕೆ ದೀಪಾವಳಿಯ ಗೋಪೂಜೆ. ಹೂವಿನ ಹಾರ ಹಾಕುವ ಕೊರಳಿನ ಪಕ್ಕ ಮೂತಿ, ಕಿವಿ, ಕಣ್ಣನ್ನೂ ಒಮ್ಮೆ ನೋಡಿ. ಕಮ್ಯುನಿಸ್ಟ್ ಗಿಡ ಹೂ ಬಿಟ್ಟು ಬೀಜ ಹಾರಿಸುವುದು ಆಮೇಲೆ. ದೀಪಾವಳಿಯ ಆಸುಪಾಸಿಗೆ ಕಿತ್ತರೆ ಮುಂದಿನ ವರ್ಷದ ಸಸಿಗಳೂ ತಪ್ಪಿದವು.

ಚಿಕ್ಕ ಗಿಡವನ್ನು ನೆಲ ಹಸಿಯಿರುವಾಗ ಬೇರು ಸಮೇತ ಕೈಯಲ್ಲೇ ಕೀಳಬಹುದು. ಬೆಳೆದ ಚದುರಂಗಿಯನ್ನು ಸವರಿದರೆ ಕಡಿದಲ್ಲಿಂದ ಹತ್ತು ಕವಲು ಒಡೆಯುತ್ತದೆ. ಬೆಂಕಿ ಹಾಕಿದರೂ ಅಷ್ಟೇ, ಬೇಣಕ್ಕೆ ಬೆಂಕಿ ಬಿದ್ದ ಮರುವರ್ಷ ಮೊದಲು ಮೇಲೇಳುವುದು ಇವೇ ಗಿಡಗಳು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಢಿಗೆ ತಂದ ಕ್ರಮ ಸುಲಭ ಮತ್ತು ಅಗ್ಗ. ಗಿಡದ ಬುಡ ಕೆದಕಿ, ನೆಲಮಟ್ಟದಿಂದ ಎರಡು ಬೆರಳು ಕೆಳಗೆ ತಾಯಿಬೇರನ್ನು ಕೊಡಲಿಯಲ್ಲಿ ಕಡಿದು, ಪೊದೆಯನ್ನು ಎತ್ತಿ ತಲೆಕೆಳಗು ಮಾಡಿ ಒಣಗಲು ಬಿಡುವುದು. ಚಿಗುರುವ ಗಂಟು ನೆಲದಲ್ಲಿ ಉಳಿಯುವುದಿಲ್ಲ, ಕಾಂಡ ನೆಲಕ್ಕೆ ತಾಗಿ ಬೇರು ಬಿಡುವುದಿಲ್ಲ. ಹಕ್ಕಿ ಕೂರುವ ಮರದ ಬುಡದಲ್ಲಿ ಮುಂದಿನ ಮಳೆಗೆ ಮತ್ತೆ ಸಸಿ ಏಳುತ್ತದೆ. ಅದನ್ನು ಮರೆಯದೆ ಕೀಳಬೇಕು.

ಕಿತ್ತದ್ದನ್ನು ಅಲ್ಲೇ ಹುಲ್ಲಿನ ನಡುವೆ ಎಸೆದು ಬಂದರೆ ಕಿತ್ತೂ ಪ್ರಯೋಜನವಿಲ್ಲ. ಬಾಡಿದ ಗಿಡವೇ ಹೆಚ್ಚು ಅಪಾಯ ಎಂದು ಮೇಲೆ ಹೇಳಿದ್ದಾಗಿದೆ. ಬೇಣದಿಂದ ಹೊರಗೆ ಒಂದೇ ಕಡೆ ರಾಶಿ ಹಾಕಿ. ಬ್ರಷ್ ಕಟರ್‌ನವರು ಬಂದಾಗ ಪೊದೆಯ ಸುತ್ತಲಿನ ಒಂದು ಮಾರು ಹುಲ್ಲನ್ನು ಮುಟ್ಟಬೇಡಿ, ಅದನ್ನು ನಾವೇ ಕೈಯಲ್ಲಿ ಕೊಯ್ಯುತ್ತೇವೆ ಎಂದು ಮೊದಲೇ ಹೇಳಿ. ಗುರುತಿಗೆ ಒಂದು ಕೋಲು ನೆಟ್ಟು ಬಟ್ಟೆ ಕಟ್ಟಿದರೆ ಸಾಕು.

ತಿಂದುಬಿಟ್ಟರೆ?

ವಿಷ ತಿಂದಿದೆ ಎಂಬ ಅನುಮಾನ ಬಂದ ಕೂಡಲೇ ಹಾಕಿದ ಹುಲ್ಲನ್ನು ಗೋದಲಿಯಿಂದ ತೆಗೆದು ದನವನ್ನು ನೆರಳಿಗೆ ಕಟ್ಟಿ. ಹುಲ್ಲನ್ನು ಎಸೆಯಬೇಡಿ, ಅದರಲ್ಲಿರುವ ಗಿಡವನ್ನು ವೈದ್ಯರಿಗೆ ತೋರಿಸಿದರೆ ಚಿಕಿತ್ಸೆ ಅರ್ಧ ಸುಲಭ. ಮಜ್ಜಿಗೆ, ಹುಣಸೆರಸ, ಎಣ್ಣೆ ಎಂದು ಗೊಟ್ಟದಲ್ಲಿ ಬಲವಂತವಾಗಿ ಹೊಯ್ಯುವುದು ಬೇಡ. ನಿತ್ರಾಣವಾದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿದು, ವಿಷಕ್ಕಿಂತ ಮೊದಲು ಅದೇ ಕೊಲ್ಲಬಹುದು. ಚದುರಂಗಿ ವಿಷಕ್ಕೆ ವೈದ್ಯರು ಹೊಟ್ಟೆಗೆ ಸಕ್ರಿಯ ಇದ್ದಿಲು ಕೊಡುತ್ತಾರೆ, ದನದ ತೂಕದ ಪ್ರತಿ ಕಿಲೋಗೆ ಸುಮಾರು 5 ಗ್ರಾಂ ಲೆಕ್ಕದಲ್ಲಿ. ಒಲೆಯ ಇದ್ದಿಲು ಅದಕ್ಕೆ ಬದಲಾಗದು. ಸಯನೈಡ್, ನೈಟ್ರೇಟ್ ವಿಷಗಳಿಗೆ ಸರಿಯಾದ ಚುಚ್ಚುಮದ್ದು ಸಮಯಕ್ಕೆ ಬಿದ್ದರೆ ಬಿದ್ದ ದನ ಎದ್ದು ನಿಲ್ಲುವುದುಂಟು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಕರೆ ಮಾಡಬಹುದು. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಔಷಧ ಮತ್ತು ವಿಷಶಾಸ್ತ್ರ ಕಲಿಸಿದ ಡಾ. ಎನ್. ಬಿ. ಶ್ರೀಧರ ಅವರು ಮಲೆನಾಡಿನ ವಿಷಸಸ್ಯಗಳ ಬಗ್ಗೆ ಕನ್ನಡದಲ್ಲೇ ಸಾಕಷ್ಟು ಬರೆದಿದ್ದಾರೆ. ದನ ಸಾಕುವ ಮನೆಯವರು ಅವನ್ನು ಹುಡುಕಿ ಓದಬೇಕು.

ಗ್ರಾಮ ಪಂಚಾಯಿತಿಗಳು, ಹಾಲಿನ ಸಂಘಗಳು ಮನಸ್ಸು ಮಾಡಿದರೆ ಆಗಬಹುದಾದ ಕೆಲಸವೂ ಒಂದಿದೆ. ಹಾಲು ಅಳೆಯುವ ಕಟ್ಟಡದ ಗೋಡೆಯ ಮೇಲೆ ಈ ಏಳೆಂಟು ಗಿಡಗಳ ದೊಡ್ಡ ಬಣ್ಣದ ಚಿತ್ರಗಳನ್ನು ಊರಿನ ಹೆಸರಿನೊಂದಿಗೆ ಹಾಕಿ. ದಿನಕ್ಕೆರಡು ಬಾರಿ ದನ ಸಾಕುವ ಪ್ರತಿ ಮನೆಯವರೂ ಅಲ್ಲಿಗೆ ಬರುತ್ತಾರೆ. ಗೋಮಾಳದ ಚದುರಂಗಿ ತೆಗೆಯುವುದನ್ನು ಉದ್ಯೋಗ ಖಾತರಿಯ ಕೆಲಸಗಳ ಪಟ್ಟಿಗೆ ಸೇರಿಸಲು ಗ್ರಾಮಸಭೆಯಲ್ಲಿ ಕೇಳಿ. ಉಳಿದದ್ದು ನಿಮ್ಮ ಕೈಯಲ್ಲಿದೆ. ಈ ವರ್ಷ ಬ್ರಷ್ ಕಟರ್‌ಗೆ ಹೇಳಿಕಳಿಸುವ ವಾರಕ್ಕೆ ಮೊದಲು, ಮನೆಯಲ್ಲಿ ಗಿಡ ಗುರುತಿಸಬಲ್ಲ ಹಿರಿಯರನ್ನೂ ಒಂದು ಕೊಡಲಿಯನ್ನೂ ಕರೆದುಕೊಂಡು ಬೇಣಕ್ಕೊಂದು ಸುತ್ತು ಹೋಗಿಬನ್ನಿ. ಅರ್ಧ ದಿನದ ಕೆಲಸ. ಹಾಲು ಕೊಡುವ ಒಂದು ಹಸುವಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬಾರದು.